ಹನುಮಕ್ಕನ ಕರಟ

೧೯೮೨ರಲ್ಲಿ ನಾನು ತಿಪಟೂರಿನ ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕನಾಗಿದ್ದೆ. ಬಿ.ಎ. ಕೊನೆಯ ವರ್ಷಕ್ಕೆ ಸಾಹಿತ್ಯ ಮತ್ತು ಸಮಾಜ ಎಂಬ ಪತ್ರಿಕೆಯನ್ನು ಪಾಠ ಮಾಡುತ್ತಿದ್ದೆ. ಆಗಿನ ಗಾಳಿಯೇ ಹಾಗಿತ್ತು. ಊರೂರಲ್ಲಿ ವಿಚಾರ ಸಂಕಿರಣ, ಕಾಲೇಜು ಕಾಲೇಜಿನಲ್ಲಿ ಚರ್ಚೆ. ಕತೆ, ಕವಿತೆ ಬರೆಯುವವರೆಲ್ಲ ಜಾತಿಯ ಬಗ್ಗೆ, ಹಸಿವಿನ ಬಗ್ಗೆ, ಮನುಷ್ಯನ ಹಕ್ಕುಗಳ ಬಗ್ಗೆ ಮಾತನಾಡಲೇಬೇಕು ಎನ್ನುವ ಕಾಲ. ನಾನೂ ಸಂವಿಧಾನದ ಹದಿನೇಳನೆಯ ವಿಧಿಯನ್ನು, ಅಂದರೆ ಅಸ್ಪೃಶ್ಯತೆಯನ್ನು ಯಾವ ರೂಪದಲ್ಲೂ ಆಚರಿಸಕೂಡದು ಎನ್ನುವ ವಿಧಿಯನ್ನು, ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಓದುತ್ತಿದ್ದೆ. ತರಗತಿಯೊಳಗೆ ನನ್ನಷ್ಟು ಧೈರ್ಯಶಾಲಿ ಇನ್ನೊಬ್ಬನಿರಲಿಲ್ಲ. ಹೊರಗೆ ಬಂದರೆ ಹುಟ್ಟಾ ಪುಕ್ಕಲ.

ಅಂಥವನ ತಲೆಗೆ ಪ್ರಿನ್ಸಿಪಾಲರು ಆ ವರ್ಷದ ಸೇವಾ ಶಿಬಿರವನ್ನು ಕಟ್ಟಿದರು. ಸೇವಾ ಶಿಬಿರವೆಂದರೆ ವಿದ್ಯಾರ್ಥಿಗಳು ಒಂದು ಹಳ್ಳಿಯಲ್ಲಿ ಹತ್ತು ದಿನ ತಂಗಿ, ಬೆಳಿಗ್ಗೆ ರಸ್ತೆ, ಚರಂಡಿಯ ಕೆಲಸ ಮಾಡಿ, ಸಂಜೆ ಊರಿನವರಿಗಾಗಿ ಹಾಡು, ನಾಟಕ ಆಡುವುದು. "ಇದೂ ಪಾಠವೇ ಕಣ್ರೀ, ಹೋಗಿ ಬನ್ನಿ" ಎಂದರು ಪ್ರಿನ್ಸಿಪಾಲರು. ನನಗೆ ಅಂದಿನಿಂದಲೇ ನಿದ್ದೆ ಕೆಟ್ಟಿತು. ಹುಡುಗರು ಎಳನೀರಿನ ಆಸೆಗೆ ಮರ ಹತ್ತಿ ಬಿದ್ದರೆ? ಬಾವಿಗೆ ಈಜಲು ಇಳಿದರೆ? ಹುಡುಗಿಯರೂ ಬರುವವರಿದ್ದರು, ಅವರ ತಂದೆತಾಯಿಗೆ ಏನು ಉತ್ತರ ಹೇಳುವುದು? ನಡೆಯಬಹುದಾದ ಅನಾಹುತಗಳನ್ನೆಲ್ಲ ನಾನು ಮನಸ್ಸಿನಲ್ಲೇ ಒಂದೊಂದಾಗಿ ನಡೆಸಿ ನೋಡಿದ್ದೆ. ನಿಜವಾಗಿ ನಡೆದದ್ದು ಮಾತ್ರ ನನಗೆ ಹೊಳೆದಿರಲಿಲ್ಲ.

ಊರು ಹಂದನಕೆರೆಯ ಕಡೆಗೆ. ಹೆಸರು ಬೇಡ. ಅಲ್ಲಿನ ಈಗಿನ ಮಕ್ಕಳು ನಾನು ಹೇಳಲಿರುವುದಕ್ಕೆ ಹೊಣೆಯಲ್ಲ. ಶಾಲೆಯ ಕಟ್ಟಡದಲ್ಲಿ ನಾವು ಇಳಿದುಕೊಂಡೆವು. ಊರಿನ ಯಜಮಾನರು ನಂಜಪ್ಪನವರು, ದೊಡ್ಡ ತೆಂಗಿನ ತೋಟದವರು. ನಾವು ಬಂದ ದಿನವೇ ಅಡುಗೆಗೆ ಕಾಯಿ, ಸೌದೆ ಕಳಿಸಿದರು. ದಿನ ಬೆಳಗಾದರೆ ಅವರ ಮನೆಯಿಂದ ಹಾಲು ಬರುತ್ತಿತ್ತು. "ನಮ್ಮೂರಿಗೆ ಬಂದ ಮಕ್ಕಳು ಹಸ್ಕೊಂಡಿರಬಾರದು ಮೇಷ್ಟ್ರೇ" ಎಂದು ಅವರು ಹೇಳಿದ್ದು ಬಾಯಿಮಾತಿನ ಉಪಚಾರವಾಗಿರಲಿಲ್ಲ. ಒಳ್ಳೆಯ ಮನುಷ್ಯ ಎಂದು ಆಗ ಅಂದುಕೊಂಡೆ. ಈಗ ಕೇಳಿದರೂ ಕೆಟ್ಟವರೆಂದು ಹೇಳಲಾರೆ. ನನ್ನ ಕಷ್ಟ ಶುರುವಾದದ್ದೇ ಅಲ್ಲಿ.

ಅದು ಕೊಬ್ಬರಿ ಒಡೆಯುವ ಕಾಲ. ನಮ್ಮ ಸೀಮೆಯಲ್ಲಿ ಬಲಿತ ಕಾಯಿಗಳನ್ನು ಮನೆಯ ಅಟ್ಟದ ಮೇಲೆ ಹೆಚ್ಚು ಕಡಿಮೆ ವರ್ಷವಿಡೀ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಸದ್ದಾಗುವ ಹೊತ್ತಿಗೆ ಇಳಿಸಿ ಸುಲಿಸುತ್ತಾರೆ. ಆಮೇಲೆ ಕೊಬ್ಬರಿ ಉಂಡೆಗೆ ಏಟು ತಾಗದಂತೆ ಮಚ್ಚಿನಿಂದ ಮೇಲಿನ ಚಿಪ್ಪನ್ನಷ್ಟೇ ಎಬ್ಬಿಸಬೇಕು. ನಂಜಪ್ಪನವರ ಕೊಟ್ಟಿಗೆಯಲ್ಲಿ ಈ ಕೆಲಸ ಮಾಡುತ್ತಿದ್ದವರು ಊರಾಚೆಯ ಕೇರಿಯ ಹೆಂಗಸರು, ಅಂದರೆ ಊರಿನವರು ಮುಟ್ಟಿಸಿಕೊಳ್ಳದ ಜನ. ಅವರಲ್ಲಿ ಹನುಮಕ್ಕ ಎಂಬಾಕೆ ಎಲ್ಲರಿಗಿಂತ ಹಿರಿಯಳು. ಗಂಡ ಸತ್ತಿದ್ದ, ಕಣ್ಣು ಕಾಣದ ಅತ್ತೆಯನ್ನು ಅವಳೇ ಸಾಕುತ್ತಿದ್ದಳು. ಇಬ್ಬರ ಹೊಟ್ಟೆಯೂ ಆ ಕೊಟ್ಟಿಗೆಯ ಕೂಲಿಯ ಮೇಲೆ ನಿಂತಿತ್ತು.

ನಮ್ಮ ಹುಡುಗರು ಕೇರಿಯಲ್ಲಿ ಚರಂಡಿ ತೋಡುತ್ತಿದ್ದಾಗ ಆಕೆ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡುತ್ತಿದ್ದಳು.

"ಅಲ್ಲ ಕಣ್ರಪ್ಪಾ, ಈ ಪಾಟಿ ಮೆತ್ತಗೆ ಗುದ್ದಲಿ ಹಾಕುದ್ರೆ ಭೂಮಿಗೆ ಕಚಗುಳಿ ಆಯ್ತದೆ ಅಷ್ಟೇಯ" ಎಂದಳು. ಹುಡುಗರು ನಗುತ್ತಾ ಗುದ್ದಲಿಯನ್ನು ಅವಳ ಕೈಗೇ ಕೊಟ್ಟರು. ಮಾತಿನಲ್ಲಾಗಲಿ ಕೆಲಸದಲ್ಲಾಗಲಿ ಅವಳು ಸೋಲುವವಳಲ್ಲ ಎಂದು ಅಂದೇ ಎಲ್ಲರಿಗೂ ತಿಳಿಯಿತು.

ಊರಿನ ನಡುವೆ ತೆಂಗಿನ ಸೋಗೆ ಹೊದಿಸಿದ ಒಂದು ಹೋಟೆಲು ಇತ್ತು. ಒಳಗೆ ಬೆಂಚು, ಗಾಜಿನ ಲೋಟ. ಕೇರಿಯವರು ಒಳಗೆ ಹೋಗುವಂತಿಲ್ಲ. ಹೊರಗೆ ಸೂರಿನ ಸೋಗೆಯೊಳಗೆ ಸಿಕ್ಕಿಸಿಟ್ಟ ತೆಂಗಿನ ಕರಟಗಳಿದ್ದವು. ಕೆಲಸಕ್ಕೆ ಹೋಗುವ ಮುಂಚೆ ಅವರು ಬಂದು, ತಮ್ಮ ಕರಟ ಎಳೆದುಕೊಂಡು, ತಗ್ಗಿಸಿ ಹಿಡಿದು ನಿಲ್ಲುತ್ತಿದ್ದರು. ಹೋಟೆಲಿನವನು ಮೇಲಿನಿಂದ, ತಾಗದಂತೆ, ಕಾಫಿ ಸುರಿಯುತ್ತಿದ್ದ. ಕುಡಿದು, ತಾವೇ ತೊಳೆದು, ಮತ್ತೆ ಸೂರಿಗೆ ಸಿಕ್ಕಿಸಿ ಹೋಗುತ್ತಿದ್ದರು. ಯಾರೂ ಯಾರನ್ನೂ ಬೈಯುತ್ತಿರಲಿಲ್ಲ. ಎಲ್ಲ ತಣ್ಣಗೆ, ಬೆಳಗಿನ ಮಾತುಕತೆಯ ನಡುವೆಯೇ ನಡೆದುಹೋಗುತ್ತಿತ್ತು.

ನನ್ನ ವಿದ್ಯಾರ್ಥಿನಿ ಸುಮಿತ್ರ ಇದನ್ನು ನೋಡಿ ಬಂದ ದಿನ ಊಟ ಬಿಟ್ಟಳು. ತುರುವೇಕೆರೆ ಕಡೆಯ ಹುಡುಗಿ, ಸ್ವಂತ ತೆಂಗಿನ ತೋಟವಿದ್ದ ಮನೆ. ಚೆನ್ನಾಗಿ ಬರೆಯುತ್ತಿದ್ದಳು, ಅದಕ್ಕಿಂತ ಚೆನ್ನಾಗಿ ಸಿಟ್ಟು ಮಾಡಿಕೊಳ್ಳುತ್ತಿದ್ದಳು.

"ಸಾರ್, ನೀವು ಕ್ಲಾಸಲ್ಲಿ ಹೇಳಿದ್ದು ಇದನ್ನೇ ತಾನೆ? ಮತ್ತೆ ನಾವ್ಯಾಕೆ ಸುಮ್ಮನಿರಬೇಕು?" ಎಂದಳು.

ಉಳಿದವರೂ ಸುತ್ತ ಕೂತರು. ಬೀದಿ ನಾಟಕ ಆಡೋಣ, ಇದನ್ನೇ ಆಡೋಣ ಎಂದರು. ಬೇಡ ಎನ್ನಲು ನನ್ನ ಪಾಠವೇ ಅಡ್ಡ ಬಂತು. ಕೊನೆಗೆ ಷರತ್ತು ಹಾಕಿದೆ. ಊರಿನ ಹೆಸರು ಬರಬಾರದು, ಯಾರ ಹೆಸರೂ ಬರಬಾರದು, ಹೋಟೆಲು ಎಂದೂ ಅನ್ನಬಾರದು. ಎಲ್ಲೋ ಒಂದು ಊರು, ಯಾರೋ ಒಬ್ಬಳು ಹೆಂಗಸು, ಅಷ್ಟೆ. ಸುಮಿತ್ರ ಬರೆದದ್ದನ್ನು ಪೆನ್ಸಿಲು ಹಿಡಿದು ತಿದ್ದಿದೆ. ಯಾರನ್ನಾದರೂ ಬೊಟ್ಟು ಮಾಡಿ ತೋರಿಸುವ ಮಾತು ಒಂದೂ ಉಳಿಯದಂತೆ ನೋಡಿಕೊಂಡೆ. ಸಾಹಿತ್ಯವೆಂದರೆ ಒಬ್ಬರ ಕತೆಯಲ್ಲ, ಎಲ್ಲರ ಕತೆ ಎಂದು ಉಪದೇಶವನ್ನೂ ಮಾಡಿದೆ.

ನಾಟಕ ಸಂಜೆ ಬೆಳಕಿರುವಾಗಲೇ, ಅರಳಿಕಟ್ಟೆಯ ಮುಂದೆ. ನಂಜಪ್ಪನವರಿಗೆ ಮುಂದೆ ಕುರ್ಚಿ ಹಾಕಿದ್ದೆವು. ಊರವರು ಸುತ್ತ ಕೂತಿದ್ದರು. ಕೇರಿಯವರು ಹಿಂದೆ, ದೂರದಲ್ಲಿ ನಿಂತಿದ್ದರು. ಕುಡುಕನ ಪಾತ್ರ ಬಂದಾಗ ಜನ ಬಿದ್ದು ಬಿದ್ದು ನಕ್ಕರು. ನಂಜಪ್ಪನವರೂ ಶಲ್ಯದಿಂದ ಕಣ್ಣೊರೆಸಿಕೊಂಡರು. ನನ್ನ ಉಸಿರು ಸ್ವಲ್ಪ ಸಲೀಸಾಯಿತು. ಆಮೇಲೆ ಸುಮಿತ್ರ ಕೂಲಿ ಹೆಂಗಸಾಗಿ ಬಂದು, ಸೆರಗಿನ ಮರೆಯಿಂದ ಒಂದು ಕರಟ ತೆಗೆದು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

ನಗು ನಿಂತಿತು. ಅದನ್ನು ನಿರೀಕ್ಷಿಸಿದ್ದೆವು. ನಿರೀಕ್ಷಿಸದ್ದು ಇನ್ನೊಂದು. ಜನ ಹೋಟೆಲಿನವನ ಕಡೆ ನೋಡಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಹಿಂದಕ್ಕೆ ತಿರುಗಿ, ಕೇರಿಯ ಹೆಂಗಸರು ನಿಂತ ಕಡೆ ನೋಡತೊಡಗಿದರು. ಅಲ್ಲಿ ಹನುಮಕ್ಕನ ಅಕ್ಕಪಕ್ಕ ನಿಂತಿದ್ದವರು ಮೆಲ್ಲಗೆ ಸರಿದರು. ಒಬ್ಬಳೇ ಉಳಿದ ಅವಳು ಕೇರಿಯ ದಾರಿ ಹಿಡಿದಳು. ನಂಜಪ್ಪನವರು ನಾಟಕ ಮುಗಿಯುವವರೆಗೂ ಕೂತಿದ್ದು, "ಚೆನ್ನಾಗಿ ಮಾಡುದ್ರಿ ಮಕ್ಳಾ" ಎಂದು ಎದ್ದು ಹೋದರು. ಆ ಹೊಗಳಿಕೆ ಕೇಳಿ ನಾನು ನೇರವಾಗಿ ಸುಮಿತ್ರಳ ಹತ್ತಿರ ಹೋದೆ.

"ಸುಮಿತ್ರ, ಆ ಕರಟ ಎಲ್ಲಿಂದ ತಂದೆಯಮ್ಮ?"

"ಹೋಟೆಲಿನ ಸೂರಿನಿಂದ ಸಾರ್. ಅಲ್ಲಿ ಇದ್ದದ್ದರಲ್ಲಿ ಇದೇ ಚೆನ್ನಾಗಿತ್ತು. ಯಾಕೆ ಸಾರ್? ಕರಟ ತಾನೆ?"

ಅವಳದು ನಮ್ಮ ಸೀಮೆಯ ಯಾರು ಬೇಕಾದರೂ ಮಾಡಬಹುದಾದ ತಪ್ಪು. ತೆಂಗಿನ ನಾಡಿನಲ್ಲಿ ಕರಟಕ್ಕೆ ಏನು ಬೆಲೆ? ಹಿತ್ತಿಲಲ್ಲಿ ರಾಶಿ ಬಿದ್ದಿರುತ್ತದೆ, ನೀರೊಲೆಗೆ ಹಾಕುತ್ತೇವೆ. ಅದಕ್ಕೊಬ್ಬರು ಒಡೆಯರಿರುತ್ತಾರೆ ಎಂದು ತೋಟದ ಮನೆಯಲ್ಲಿ ಬೆಳೆದವರಿಗೆ ತೋಚುವುದಿಲ್ಲ. ನಾನು ಅದನ್ನು ಕೈಗೆ ತೆಗೆದುಕೊಂಡು ನೋಡಿದೆ. ಕಣ್ಣಿಲ್ಲದ ಕಡೆಯ ಹೋಳು, ಸೋರದಿರಲೆಂದು ಆರಿಸಿದ್ದು. ಗಾಜಿನ ಚೂರಿನಿಂದ ಹೆರೆದು ಹೆರೆದು ನಾರಿನ ಎಳೆಯೂ ಇಲ್ಲದಂತೆ ನುಣುಪು ಮಾಡಿದ್ದರು. ತುಟಿಗೆ ತಾಗುವ ಅಂಚನ್ನು ಕಲ್ಲಿಗೆ ಉಜ್ಜಿ ದುಂಡಗೆ ಮಾಡಿದ್ದರು. ವರ್ಷಗಟ್ಟಲೆ ಕಾಫಿ ಹೀರಿ ಅದು ಕರ್ರಗೆ ಮಿಂಚುತ್ತಿತ್ತು. ಅಂಥದ್ದು ಆ ಊರಿನಲ್ಲಿ ಒಂದೇ ಇತ್ತು. ಅದು ಹನುಮಕ್ಕನದು ಎಂದು ಮಗುವಿಗೂ ಗೊತ್ತಿತ್ತು. ನಾವು ಯಾರ ಹೆಸರನ್ನೂ ಹೇಳದೆ, ಊರೆಲ್ಲ ನೋಡುವಂತೆ ಅವಳ ಹೆಸರನ್ನು ಎತ್ತಿ ಹಿಡಿದಿದ್ದೆವು.

ಮರುದಿನ ಬೆಳಿಗ್ಗೆ ಹಾಲು ಬರಲಿಲ್ಲ. ಕೊಟ್ಟಿಗೆಯ ಬಾಗಿಲು ಹಾಕಿತ್ತು. ಕೇರಿಯ ಯಾವ ಹೆಂಗಸಿಗೂ ಕರೆ ಹೋಗಿರಲಿಲ್ಲ. ನಾನು ನಂಜಪ್ಪನವರ ಮನೆಗೆ ಹೋದೆ. ಜಗಲಿಯ ಮೇಲೆ ಕೂರಿಸಿ, ಎಂದಿನಂತೆ ಕಾಫಿ ತರಿಸಿಕೊಟ್ಟರು.

"ಮೇಷ್ಟ್ರೇ, ಹುಡುಗ್ರು ಆಡಿದ್ದಕ್ಕೆ ನಂಗೆ ಬೇಜಾರಿಲ್ಲ" ಎಂದರು. "ಓದೋ ಮಕ್ಳು, ಏನೋ ಆಡ್ತವೆ. ಆದ್ರೆ ಹನುಮಕ್ಕ ನಮ್ಮನೇಲಿ ಮೂವತ್ತು ವರ್ಸದಿಂದ ಕೆಲಸ ಮಾಡೋಳು. ಒಂದಿನ ಅವಳ ಹೊಟ್ಟೆಗೆ ಕಡಿಮೆ ಮಾಡಿದೀವಾ ಕೇಳಿ. ಅಂಥೋಳು ಪರಊರೋರ ಮುಂದೆ ನಮ್ಮ ಮಾನ ಕಳೆಯಾಕೆ ಕರಟ ಎತ್ತಿಕೊಟ್ಲು ಅಂದ್ರೆ ನಂಗೆ ಹೆಂಗಾಗ್ಬೇಡ?"

"ಅವರು ಕೊಡಲಿಲ್ಲ ಸ್ವಾಮಿ, ನಮ್ಮ ಹುಡುಗಿಯೇ ಗೊತ್ತಿಲ್ಲದೆ..."

"ಹಂಗಾದ್ರೆ ಸರಿಹೋಯ್ತಲ್ಲ. ಅದನ್ನೇ ಸಾಯಂಕಾಲ ಕಟ್ಟೆ ಹತ್ರ ನಾಕು ಜನರ ಮುಂದೆ ಅವಳ ಬಾಯಲ್ಲೇ ಹೇಳಿಸಿ. ನಮ್ಮ ಹುಡುಗ್ರು ಬಿಸಿ ರಕ್ತ, ಕುದೀತಾ ಅವ್ರೆ. ಅವಳು ನಾ ಕೊಟ್ಟಿಲ್ಲ ಅಂದ್ರೆ ನಾಳೆಯಿಂದ ಎಲ್ಲಾರೂ ಕೆಲಸಕ್ಕೆ ಬರಲಿ. ಕೊಟ್ಟೆ ಅಂದ್ರೆ ಅವಳು ನನ್ನ ಕೊಟ್ಟಿಗೆಗೆ ಕಾಲಿಡೋದು ಬ್ಯಾಡ."

ಅಲ್ಲಿಂದ ಇಳಿದು ಬರುವಾಗ ನನಗೆ ಆದದ್ದು ಸಂತೋಷ. ಮುಚ್ಚಿಡುವುದೇಕೆ? ಬೇಕಾದದ್ದು ನಿಜವನ್ನು ಹೇಳುವುದಷ್ಟೆ. ನಿಜವೇ ಅವಳನ್ನು ಉಳಿಸುತ್ತದೆ, ನನ್ನನ್ನೂ ಉಳಿಸುತ್ತದೆ. ಇಷ್ಟು ಸುಲಭವಾಗಿ ಬಗೆಹರಿಯುವುದಕ್ಕೆ ಇಷ್ಟೊಂದು ಹೆದರಿದೆನಲ್ಲ ಎಂದುಕೊಂಡೆ.

ಸುಮಿತ್ರಳನ್ನು ಕರೆದುಕೊಂಡು ಕೇರಿಗೆ ಹೋದೆ. ಹನುಮಕ್ಕ ಗುಡಿಸಲ ಮುಂದೆ ಅತ್ತೆಗೆ ಮುದ್ದೆ ಮುರಿದು ತಿನ್ನಿಸುತ್ತಿದ್ದಳು. ಸುಮಿತ್ರ ಅಳುತ್ತಾ ಕ್ಷಮಿಸಿ ಎಂದಳು. ನಾನು ನಂಜಪ್ಪನವರ ಮಾತನ್ನು ತಿಳಿಸಿದೆ. ಹಾಗೆಯೇ ಇನ್ನೊಂದನ್ನೂ ಹೇಳಿದೆ. ನಾಗರಿಕ ಹಕ್ಕುಗಳ ಕಾಯಿದೆ ಅಂತ ಒಂದಿದೆ, ಹೋಟೆಲಿನಲ್ಲಿ ಹೀಗೆ ಮಾಡುವುದು ಅಪರಾಧ, ನೀವು ಬೇಕೆಂದರೆ ಪೊಲೀಸರಿಗೆ ದೂರು ಕೊಡಬಹುದು ಎಂದೆ. ಹೇಳುವಾಗಲೇ, ಬೇಕು ಎಂದುಬಿಟ್ಟರೆ ಗತಿಯೇನು ಎಂದು ಹೆದರುತ್ತಿದ್ದೆ.

"ಪೊಲೀಸ್ನೋರು ಜೀಪಲ್ಲಿ ಬಂದು ಜೀಪಲ್ಲಿ ಹೋಯ್ತಾರೆ ಮೇಷ್ಟ್ರೇ. ನಾನೂ ಈ ಮುದುಕೀನೂ ಇಲ್ಲೇ ಇರಬೇಕಲ್ಲ" ಎಂದಳು. ಆಮೇಲೆ ಸುಮಿತ್ರಳ ಕಡೆ ತಿರುಗಿ, "ಅಳಬ್ಯಾಡ ಸುಮ್ಕಿರವ್ವ. ನೆನ್ನೆ ನಾನು ಅರ್ಧಕ್ಕೇ ಎದ್ದು ಬಂದೆ. ಆಮ್ಯಾಕೆ ಆ ಹೆಂಗಸು ಏನ್ ಮಾಡುದ್ಲು?" ಎಂದು ಕೇಳಿದಳು.

ಸುಮಿತ್ರ ಕಣ್ಣೊರೆಸಿಕೊಂಡು ಕೊನೆಯ ಮಾತುಗಳನ್ನು ಒಪ್ಪಿಸಿದಳು. ನಾಟಕದ ಹೆಂಗಸು ನೆಲಕ್ಕೆ ಕುಸಿದು, ನಾನೂ ಮನುಷ್ಯಳಲ್ಲವೇ, ನನಗ್ಯಾಕೆ ಈ ಶಿಕ್ಷೆ ಎಂದು ಗೋಳಾಡುವ ಮಾತು ಅದು. ನಾನು ಪೆನ್ಸಿಲು ಹಿಡಿದು ತಿದ್ದಿ ಮೆಚ್ಚಿಕೊಂಡಿದ್ದ ಮಾತೇ. ಹನುಮಕ್ಕ ಮುದ್ದೆ ಮುರಿಯುವುದನ್ನು ನಿಲ್ಲಿಸಿ, ಪೂರ್ತಿ ಕೇಳಿದಳು.

"ಚೆಂದಾಗಿ ಬರ್ದಿದೀಯ ಕಣವ್ವ. ಆದ್ರೆ ನಾನು ಹಂಗೆಲ್ಲ ಅಳಾಕಿಲ್ಲ."

ನಾನು ಅವಸರದಲ್ಲಿದ್ದೆ. ಸಾಯಂಕಾಲ ಬಂದು ನಡೆದದ್ದನ್ನು ನಡೆದ ಹಾಗೆ ಹೇಳಿಬಿಡಿ, ಸಾಕು ಎಂದೆ.

"ಬತ್ತೀನಿ ಬುಡಿ" ಎಂದಳು.

ಸಂಜೆ ಕಟ್ಟೆಯ ಹತ್ತಿರ ಜನ ನಾಟಕಕ್ಕಿಂತ ಹೆಚ್ಚು ಸೇರಿದ್ದರು. ನಮ್ಮ ವಿದ್ಯಾರ್ಥಿಗಳು ಒಂದು ಪಕ್ಕದಲ್ಲಿ ಗುಂಪಾಗಿ ನಿಂತಿದ್ದರು. ಊರಿನ ಹುಡುಗರು ಎದುರಿಗೆ, ಪಂಚೆ ಎತ್ತಿ ಕಟ್ಟಿ. ಯಾವನಾದರೊಬ್ಬ ಕೈ ಮುಂದೆ ಮಾಡಿದರೆ ಮುಗಿಯಿತು ಎಂದು ನಾನು ಒಬ್ಬೊಬ್ಬರ ಕೈಯನ್ನೇ ನೋಡುತ್ತಿದ್ದೆ. ಹನುಮಕ್ಕ ಬಂದು, ಎಂದಿನಂತೆ ದೂರದಲ್ಲೇ ನಿಂತಳು.

ಸುಮಿತ್ರ ಮುಂದೆ ಬಂದು ಕೈಮುಗಿದಳು. "ಕರಟವನ್ನು ನಾನೇ ಸೂರಿನಿಂದ ತಗೊಂಡೆ. ಅವರನ್ನು ಕೇಳಲಿಲ್ಲ. ಅವರಿಗೆ ಏನೂ ಗೊತ್ತಿರಲಿಲ್ಲ. ತಪ್ಪು ನಂದು" ಎಂದಳು.

ನಂಜಪ್ಪನವರು ತಲೆಯಾಡಿಸಿದರು. ಅವರ ಮುಖದಲ್ಲಿ ನಿಜವಾದ ನೆಮ್ಮದಿ ಕಂಡಿತು. "ಹನುಮಕ್ಕ, ಹೌದು ಅನ್ನಮ್ಮ. ಮುಗೀಲಿ" ಎಂದರು.

"ಇಲ್ಲ ಬುದ್ದಿ" ಎಂದಳು ಹನುಮಕ್ಕ. "ನಾನೇ ಕೊಟ್ಟೆ."

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ. ನನಗಂತೂ ಕಿವಿಯೇ ಕೈಕೊಟ್ಟಿತೇನೋ ಅನ್ನಿಸಿತು.

"ಆ ಮಗ ನನ್ನ ಉಳಿಸಾಕೆ ಸುಳ್ಳು ಹೇಳ್ತೈತೆ. ನಾನೇ ಕರದು ಕೊಟ್ಟೆ. ತಗೊಂಡೋಗು, ಎಲ್ಲಾರ್ಗೂ ತೋರ್ಸು ಅಂತ ಕೊಟ್ಟೆ."

ಅವಳ ದನಿ ಏರಿರಲಿಲ್ಲ. ಅಳುವೂ ಇರಲಿಲ್ಲ. ಊರಿನ ಹುಡುಗರಲ್ಲಿ ಒಬ್ಬ ಏನೋ ಕೂಗಿದ. ಇನ್ನೊಬ್ಬ ಅವನ ತೋಳು ಹಿಡಿದ. ಸುಮಿತ್ರ, "ಇಲ್ಲ, ಇಲ್ಲ" ಎನ್ನುತ್ತಾ ನನ್ನ ಕಡೆ ನೋಡಿದಳು. ನಂಜಪ್ಪನವರು ಎದ್ದು ನಿಂತರು. ಅವರೂ ನನ್ನ ಕಡೆಗೇ ನೋಡಿದರು.

"ಮೇಷ್ಟ್ರೇ, ನೀವು ಓದಿದೋರು. ಸುಳ್ಳಾಡೋರಲ್ಲ. ನೀವು ಹೇಳಿ, ಯಾವ್ದು ನಿಜ?"

ನನ್ನ ಬದುಕಿನಲ್ಲಿ ಅಷ್ಟು ಹೆದರಿದ್ದು ಮತ್ತೊಮ್ಮೆ ಇಲ್ಲ. ನಿಜವನ್ನು ಹೇಳಿದರೆ ಎಲ್ಲರಿಗೂ ಒಳ್ಳೆಯದಾಗುತ್ತಿತ್ತು. ನಾಳೆ ಅವಳಿಗೆ ಕೂಲಿ ಸಿಗುತ್ತಿತ್ತು, ಮುದುಕಿಗೆ ಊಟ ಸಿಗುತ್ತಿತ್ತು, ನನ್ನ ಮಕ್ಕಳು ಕ್ಷೇಮವಾಗಿ ತಿಪಟೂರು ಸೇರುತ್ತಿದ್ದರು. ಆದರೆ ಊರೆಲ್ಲ ಕೂಡಿದ ಜಾಗದಲ್ಲಿ ಅವಳು ಆಡಿದ ಮಾತನ್ನು ಅವಳಿಂದ ಕಿತ್ತುಕೊಂಡ ಹಾಗೂ ಆಗುತ್ತಿತ್ತು. ಮೊದಲು ಕರಟವನ್ನು ಕೇಳದೆ ತೆಗೆದುಕೊಂಡೆವು, ಈಗ ಮಾತನ್ನೂ ಕೇಳದೆ ತೆಗೆದುಕೊಳ್ಳಬೇಕೆ? ಹನುಮಕ್ಕನನ್ನು ನೋಡಿದೆ. ಅವಳು ನನ್ನನ್ನು ಬೇಡುತ್ತಿರಲಿಲ್ಲ. ಈ ಮನುಷ್ಯ ಏನು ಮಾಡುತ್ತಾನೆ ನೋಡೋಣ ಎಂಬಂತೆ ನಿಂತಿದ್ದಳು.

"ಕರಟ ಅವರದು" ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು. "ಕೊಟ್ಟೆ ಅಂತ ಅವರು ಹೇಳಿದ ಮೇಲೆ ಅದು ಕೊಟ್ಟದ್ದೇ."

ನಂಜಪ್ಪನವರು ನನ್ನ ಮುಖ ನೋಡಿದರು. ಸಿಟ್ಟಿಗಿಂತ ನೋವೇ ಹೆಚ್ಚಾಗಿದ್ದಂತೆ ಕಂಡಿತು. ಶಲ್ಯ ಹೆಗಲಿಗೆ ಹಾಕಿಕೊಂಡು, ತಮ್ಮ ಹುಡುಗರಿಗೆ, "ನಡೀರ್ಲಾ ಮನೆಗೆ, ಯಾರೂ ಕೈ ಮಾಡಬ್ಯಾಡಿ" ಎಂದು ಹೊರಟರು. ಅವರು ಆ ಮಾತು ಹೇಳದಿದ್ದರೆ ಅಂದು ಏನಾಗುತ್ತಿತ್ತೋ. ಇದನ್ನೂ ಬರೆಯಬೇಕು, ಅದಕ್ಕೇ ಬರೆದಿದ್ದೇನೆ.

ಮರುದಿನವೇ ಶಿಬಿರ ಮುಗಿಸಿ ಬಂದೆವು. ಅವಧಿಗೆ ಮುಂಚೆ ಬಂದದ್ದೇಕೆ ಎಂದು ಪ್ರಿನ್ಸಿಪಾಲರು ಕೇಳಿದರು. ನಡೆದದ್ದನ್ನು ಹೇಳಿದಾಗ ತಲೆ ಮೇಲೆ ಕೈ ಹೊತ್ತು ಕೂತರು. ಮತ್ತೆಂದೂ ನನಗೆ ಶಿಬಿರದ ಹೊಣೆ ಕೊಡಲಿಲ್ಲ. ಅದೊಂದು ಉಪಕಾರವಾಯಿತು.

ಊರಿನಲ್ಲಿ ಕ್ರಾಂತಿಯೇನೂ ಆಗಲಿಲ್ಲ. ವಾರ ಕಳೆಯುವುದರೊಳಗೆ ಕೇರಿಯ ಉಳಿದ ಹೆಂಗಸರು ಕೊಟ್ಟಿಗೆಗೆ ಮರಳಿದರಂತೆ. ಹೊಟ್ಟೆ ಕೇಳಬೇಕಲ್ಲ, ಅವರನ್ನು ದೂರಲು ನಾನ್ಯಾರು? ಹನುಮಕ್ಕನಿಗೆ ಮಾತ್ರ ಕರೆ ಬರಲಿಲ್ಲ. ಅವಳು ದಿನಾ ಪಕ್ಕದೂರಿಗೆ ನಡೆದು ಹೋಗಿ ಬೇರೆಯವರ ಕೊಬ್ಬರಿ ಒಡೆಯತೊಡಗಿದಳು. ಒಂದು ಬದಲಾವಣೆಯಂತೂ ಆಯಿತು. ಕೇರಿಯ ಯಾರೂ ಆ ಹೋಟೆಲಿನ ಮುಂದೆ ಕಾಫಿಗೆ ನಿಲ್ಲುವುದನ್ನು ಬಿಟ್ಟರು. ಅದನ್ನು ಯಾರೂ ಸಭೆ ಸೇರಿ ತೀರ್ಮಾನಿಸಲಿಲ್ಲವಂತೆ. ಅವರ ಪಾಡಿಗೆ ಅವರು ಬಿಟ್ಟರು.

ಈ ಸುದ್ದಿಯನ್ನೆಲ್ಲ ಹೇಳಿದವಳು ಹನುಮಕ್ಕನೇ. ಮರುವರ್ಷ ತಿಪಟೂರಿನ ಆಸ್ಪತ್ರೆಗೆ ಅತ್ತೆಯನ್ನು ಕರೆದುಕೊಂಡು ಬಂದಿದ್ದಳು. ರಸ್ತೆಯಲ್ಲಿ ನನ್ನನ್ನು ಅವಳೇ ಕೂಗಿ ಕರೆದಳು. ಸ್ವಲ್ಪ ಸೊರಗಿದ್ದಳು. ವರ್ಷದಿಂದ ನನ್ನನ್ನು ತಿನ್ನುತ್ತಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ. "ನಿಜ ಹೇಳಿದ್ದರೆ ಕೆಲಸ ಉಳೀತಿತ್ತಲ್ಲ ಹನುಮಕ್ಕ. ಯಾಕೆ ಹಾಗೆ ಹೇಳಿದಿರಿ?"

"ನೆನ್ನೆ ಮೊನ್ನೆ ಬಂದ ಕೂಸು ಅಷ್ಟು ಜನರ ಮುಂದೆ ಎತ್ತಿ ತೋರುಸ್ತು" ಎಂದಳು. "ವರ್ಸಾನುಗಟ್ಲೆ ಅದ್ರಲ್ಲಿ ಕುಡದ ನಾನು ಗೊತ್ತಿಲ್ಲ ಅಂತ ಹೆಂಗನ್ಲಿ ಮೇಷ್ಟ್ರೇ? ನಂಗೆ ಗೊತ್ತಿಲ್ದಲೇ ಆಯ್ತು ಅಂದ್ರೆ, ಎತ್ತಿ ತೋರ್ಸಿದ್ದೂ ನಂದಾಗಾಕಿಲ್ಲ." ಆಮೇಲೆ, ಮುದುಕಿಗೆ ಬಿಸಿಲಾಗುತ್ತದೆ ಎಂದು ಹೊರಟುಹೋದಳು.

ನಿವೃತ್ತನಾಗುವವರೆಗೂ ನಾನು ಆ ಪತ್ರಿಕೆಯನ್ನೇ ಪಾಠ ಮಾಡಿದೆ. ಸಾಹಿತ್ಯ ದನಿಯಿಲ್ಲದವರಿಗೆ ದನಿ ಕೊಡುತ್ತದೆ ಎಂದು ವಿದ್ಯಾರ್ಥಿಗಳು ಉತ್ತರ ಪತ್ರಿಕೆಯಲ್ಲಿ ಬರೆಯುತ್ತಿದ್ದರು. ಅದಕ್ಕೆ ನಾನು ಅಂಕ ಕಳೆಯುತ್ತಿರಲಿಲ್ಲ, ಆದರೆ ಮೆಚ್ಚುತ್ತಲೂ ಇರಲಿಲ್ಲ. ಬರೆಯುವ ಮಕ್ಕಳು ಯಾರಾದರೂ ಮನೆಗೆ ಬಂದರೆ ಆ ಶಿಬಿರ ನನಗೆ ಕಲಿಸಿದ್ದನ್ನಷ್ಟೇ ಹೇಳುತ್ತೇನೆ. ಇನ್ನೊಬ್ಬರ ಬಾಳನ್ನು ಬೀದಿಗೆ ತರುವ ಮುಂಚೆ ಅವರ ಬಾಗಿಲಿಗೆ ಹೋಗಿ ಕೇಳಿ. ಬೇಡ ಎಂದರೆ ವಾಪಸು ಬನ್ನಿ. ಹೂಂ ಎಂದರೆ, ನಾಳೆ ಊರು ಅವರನ್ನು ನಿಲ್ಲಿಸಿ ಕೇಳುವಾಗ ಪಕ್ಕದಲ್ಲಿ ನಿಲ್ಲುವಷ್ಟು ಧೈರ್ಯ ನಿಮಗಿದೆಯೇ ನೋಡಿಕೊಳ್ಳಿ. ನನಗೆಷ್ಟಿದೆ ಎಂಬುದು ಆ ಸಂಜೆ ಗೊತ್ತಾಯಿತು. ಹೆಚ್ಚಿರಲಿಲ್ಲ. ಒಂದು ಮಾತಿಗೆ ಆಗುವಷ್ಟಿತ್ತು.